ಎಡಗಡೆಯ ಪೆಟ್ಟಿಗೆ

ಮೊನ್ನೆ ಸ್ಪೀಕರುಗಳನ್ನು ಸರಿಸಿ ನೆಲ ಒರೆಸಲೇಬೇಕೆಂದು ನನ್ನ ಹೆಂಡತಿ ವಿಮಲಾ ಹಟ ಹಿಡಿದಳು. ಸರಿಸಿದರೆ ಅವುಗಳ ಕಾಲಡಿಯಲ್ಲಿ ಎಂಟು ನಾಲ್ಕಾಣೆಗಳು. ನಮ್ಮವು ಗೋಡೆಯ ಹಲಗೆಯ ಮೇಲೆ ಕೂರುವ ಜಾತಿಯ ಸ್ಪೀಕರುಗಳಲ್ಲ, ಎದೆಯೆತ್ತರಕ್ಕೆ ನೆಲದ ಮೇಲೇ ನಿಲ್ಲುವಂಥವು. ಒಂದೊಂದಕ್ಕೂ ನಾಲ್ಕು ಚೂಪಾದ ಉಕ್ಕಿನ ಮೊಳೆಗಾಲು. ಬಾಡಿಗೆ ಮನೆಯ ಕೆಂಪು ನೆಲಕ್ಕೆ ತೂತು ಬಿದ್ದೀತೆಂದು ಆ ಕಾಲುಗಳ ಅಡಿಗೆ ನಾಣ್ಯ ಇಟ್ಟಿದ್ದೆವು. ಅಂಗಡಿಯವರು ಈಗ ಮುಟ್ಟಲೂ ಒಲ್ಲದ ಆ ನಾಣ್ಯಗಳನ್ನು ಅಂಗೈಯಲ್ಲಿಟ್ಟು ನೋಡಿದೆ. ಬಲಗಡೆಯ ನಾಲ್ಕರಲ್ಲಿ ತಲಾ ಒಂದೆರಡೇ ಗುಳಿ, ಹಣೆಯ ಬೊಟ್ಟಿನ ಹಾಗೆ ಅಚ್ಚುಕಟ್ಟಾಗಿ. ಎಡಗಡೆಯವುಗಳಿಗೆ ಮಾತ್ರ ಸಿಡುಬು ಎದ್ದು ಹೋದ ಮುಖ. ಆ ಪೆಟ್ಟಿಗೆಯನ್ನು ಯಾರೋ ಎತ್ತಿ ಇಟ್ಟು, ಎತ್ತಿ ಇಟ್ಟು ಪ್ರಾಣ ತಿಂದಿದ್ದಾರೆ.

ಯಾರೋ ಏನು, ನಾನೇ.

ಅನುಮಾನ ನನ್ನ ಕಸುಬು. ವಿಮಾ ಕಂಪನಿಯಲ್ಲಿ ಅಪಘಾತವಾದ ಗಾಡಿಗಳ ಕ್ಲೇಮು ನೋಡುವವನು ನಾನು. ಕ್ಲೇಮು ಫಾರಂಗಳನ್ನು ನಂಬುವುದಾದರೆ ಮದ್ರಾಸಿನ ರಸ್ತೆಗಳಲ್ಲಿ ಮನುಷ್ಯರಿಗಿಂತ ಎಮ್ಮೆಗಳೇ ಹೆಚ್ಚು. ಎಲ್ಲರಿಗೂ ಎಮ್ಮೆಯೇ ಅಡ್ಡ ಬಂದಿರುತ್ತದೆ. ಇಂಥದ್ದನ್ನು ದಿನವೂ ಓದಿದವನು ಮನೆಗೆ ಬಂದು ಹಾಲಿನವನನ್ನು ನಂಬುತ್ತಾನೆಯೇ? ಪುರಸೈವಾಕ್ಕಂ ಪೇಟೆಗೆ ಗ್ರೈಂಡರ್ ತರಲು ಆರು ಸಲ ಹೋಗಿದ್ದೆವು. ಕಲ್ಲು ನಿಜವಾಗಿಯೂ ಕಲ್ಲೇನಾ ಎಂದು ನಾನು ಕೇಳಿದೆನಂತೆ. ವಿಮಲಾ ಇದನ್ನು ಬಂದವರಿಗೆಲ್ಲ ಹೇಳುತ್ತಾಳೆ. ಕೇಳಿದ್ದು ನಿಜ.

ನಾವು ತಿಪಟೂರಿನವರು. ವರ್ಗವಾಗಿ ಈ ಊರಿಗೆ ಬಂದಾಗ ನನಗೆ ನಲವತ್ತೊಂದು, ಮಗಳು ಅನುವಿಗೆ ಒಂಬತ್ತು. ಅವಳು ಎರಡೇ ವರ್ಷಕ್ಕೆ ನಮ್ಮ ಕನ್ನಡಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡಲು ಕಲಿತಳು. ನಾನು ಕಲಿಯಲಿಲ್ಲ, ಕಂಡುಹಿಡಿದೆ. ನನ್ನ ಸಿದ್ಧಾಂತದ ಪ್ರಕಾರ ತಮಿಳೆಂದರೆ ಎರಡು ಅಕ್ಷರ ಬದಲಾದ ಕನ್ನಡ. ನಮ್ಮ ‘ಹ’ ಅವರಿಗೆ ‘ಪ’, ನಮ್ಮ ‘ಬ’ ಅವರಿಗೆ ‘ವ’. ಹಾಲು ಪಾಲಾಯಿತು, ಹಲ್ಲಿ ಪಲ್ಲಿಯಾಯಿತು, ಬೆಣ್ಣೆ ವೆಣ್ಣೆಯಾಯಿತು. ಉಳಿದದ್ದೆಲ್ಲ ಇದ್ದ ಹಾಗೇ ಇದೆ, ಧೈರ್ಯವಾಗಿ ಮಾತಾಡಬಹುದು. ಈ ಸಿದ್ಧಾಂತದ ಬಲದಿಂದ ನಾನು ಆಟೋದವರ ಹತ್ತಿರ ಜಗಳವನ್ನೂ ಆಡಿದ್ದೇನೆ. ಗೆದ್ದೆನೋ ಸೋತೆನೋ ತಿಳಿಯುವಷ್ಟು ತಮಿಳು ಮಾತ್ರ ಇರಲಿಲ್ಲ.

ಸ್ಪೀಕರಿನ ಮಾತಿಗೆ ಬರುವ ಮುಂಚೆ ಅಪ್ಪನ ಮಾತು ಹೇಳಬೇಕು. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವವರು ಸಿಪ್ಪೆ ಸುಲಿಯದ ತೆಂಗಿನಕಾಯಿಗಳನ್ನು ವರ್ಷದ ಹತ್ತಿರ ಹತ್ತಿರ ಅಟ್ಟದ ಮೇಲೆ ಹಾಕಿಡುತ್ತಾರೆ. ಒಳಗಿನ ನೀರು ಇಂಗಿ, ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಆಗ ಒಡೆದರೆ ಕೊಬ್ಬರಿ. ಮುಂಚೆ ಒಡೆದರೆ ನಷ್ಟ. ಮಂಡಿಯ ಸಾಹುಕಾರರ ಪರವಾಗಿ ರೈತರ ಅಟ್ಟ ಹತ್ತಿ, ಒಂದೊಂದು ಕಾಯನ್ನು ಕಿವಿಯ ಹತ್ತಿರ ಹಿಡಿದು ಆಡಿಸಿ, ‘ಆಗಿದೆ’ ‘ಹಸಿ’ ಎಂದು ತೀರ್ಪು ಕೊಡುವುದು ಅಪ್ಪನ ಕೆಲಸ. ರಜೆಯಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ಅಟ್ಟದ ಕತ್ತಲು, ನಾರಿನ ದೂಳು, ಕೆಳಗಿನ ಒಲೆಯಿಂದ ಏರಿ ಬರುವ ಹೊಗೆ, ಅದರ ನಡುವೆ ಕಣ್ಣು ಮುಚ್ಚಿ ಕಾಯಿಯ ಮಾತು ಕೇಳುತ್ತ ಕೂತ ಅಪ್ಪ. ಒಂದು ತಲೆಮಾರು ಅವರ ಕಿವಿಯನ್ನು ತಕ್ಕಡಿಯಂತೆ ನಂಬಿತ್ತು.

ನಲವತ್ತೈದರ ಹೊತ್ತಿಗೆ ಅಪ್ಪನಿಗೆ ಕಾಯಿಗಳೆಲ್ಲ ಹಸಿಯಾಗಿ ಕಾಣತೊಡಗಿದವು. ಯಾವ ಅಟ್ಟ ಹತ್ತಿದರೂ “ಇನ್ನೂ ಆಗಿಲ್ಲ.” ರೈತರು ಮೊದಲು ಗೊಣಗಿದರು, ಆಮೇಲೆ ಸಾಹುಕಾರರ ಜೊತೆ ಸೇರಿಕೊಂಡು ರೇಟು ಇಳಿಸುತ್ತಿದ್ದಾನೆ ಎಂದು ಎದುರಿಗೇ ಆಡಿದರು. ಅಮ್ಮ ಒಂದೇ ಒಂದು ಸಲ “ಹಸಿಯಾಗಿರೋದು ಕಾಯಲ್ಲ ಕಣ್ರೀ, ನಿಮ್ ಕಿವಿ” ಅಂದಳು. ಅಪ್ಪ ಒಂದು ವಾರ ಅವಳ ಹತ್ತಿರ ಮಾತಾಡಲಿಲ್ಲ. ಈ ವರ್ಷದ ಕಾಯೇ ಸರಿಯಿಲ್ಲ, ಮಳೆ ಹೆಚ್ಚಾಯಿತು, ಅಟ್ಟಕ್ಕೆ ಹೊಗೆ ಸಾಲದು ಎಂದು ಮೂರು ವರ್ಷ ಸಾಧಿಸಿ, ಕೊನೆಗೆ ಕೆಲಸ ಬಿಟ್ಟರು. ಊರಿನಲ್ಲಿ ಕಳ್ಳ ಅನ್ನಿಸಿಕೊಂಡರು. ಕಿವುಡ ಅನ್ನಿಸಿಕೊಳ್ಳಲಿಲ್ಲ.

ನನಗೂ ನಲವತ್ತೈದು ತುಂಬಿತ್ತು. ಫೋನನ್ನು ಯಾವಾಗಲೂ ಬಲಗಿವಿಗೇ ಇಡುವ ಅಭ್ಯಾಸ ಎಂದಿನಿಂದ ಶುರುವಾಯಿತೋ ನೆನಪಿಲ್ಲ. ಅಡುಗೆಮನೆಯಿಂದ ವಿಮಲಾ ಮೂರು ಸಲ ಕರೆದೆ ಅನ್ನುತ್ತಿದ್ದಳು. ನಾನು ಫ್ಯಾನಿನ ಸದ್ದನ್ನು ದೂರುತ್ತಿದ್ದೆ. ಸ್ಪೀಕರು ಕೊಳ್ಳುವ ಆಸೆ ಹುಟ್ಟಿದ್ದು ಆಗಲೇ. ನಮ್ಮ ಮೈಲಾಪೂರಿನ ಮನೆಯಲ್ಲಿ ಒಂದು ಸಣ್ಣ ಕೋಣೆ ಖಾಲಿ ಇತ್ತು. ಅಲ್ಲಿ ಒಳ್ಳೆಯ ಜೋಡಿ ನಿಲ್ಲಿಸಿ, ನಡುವೆ ಒಂದು ಕುರ್ಚಿ ಹಾಕಿ ಸಂಗೀತ ಕೇಳಬೇಕು, ಎರಡು ಕಡೆಯಿಂದಲೂ ಸಮನಾಗಿ ಕೇಳಿಸಬೇಕು. ಕೇಳಿಸಿದರೆ ನಾನು ಪಾಸು. ಸಂಗೀತದ ಆಸೆಯೇ ಇರಲಿಲ್ಲವೆಂದಲ್ಲ, ಆದರೆ ನನಗೆ ಹೆಚ್ಚಾಗಿ ಬೇಕಾಗಿದ್ದದ್ದು ಒಂದು ಸರ್ಟಿಫಿಕೇಟು.

ಆಫೀಸಿನವರು ಹೆದರಿಸಿದರು. ಬಂದರಿನ ಕಡೆ ಎಲ್ಲೋ ಒಬ್ಬರು ಫಾರಿನ್ ಸ್ಪೀಕರು ಕೊಂಡು, ಮನೆಗೆ ತಂದು ಪೆಟ್ಟಿಗೆ ಬಿಚ್ಚಿದರೆ ಒಳಗೆ ಬಟ್ಟೆ ಸುತ್ತಿದ ಇಟ್ಟಿಗೆ ಇತ್ತಂತೆ. ಮೋಸ ಹೋದವರನ್ನು ಯಾರೂ ಕಂಡಿರಲಿಲ್ಲ, ಆದರೆ ಎಲ್ಲರ ಭಾವಮೈದುನನಿಗೂ ಅದು ಆಗಿತ್ತು. ಹೀಗಾಗಿ ಬಂದರಿನ ಪಕ್ಕದ ಪ್ಯಾರೀಸ್ ಕಾರ್ನರಿನ ದಿಕ್ಕು ಬಿಟ್ಟು ಮನೆಗೆ ಹತ್ತಿರದ ಒಂದು ಸಣ್ಣ ಅಂಗಡಿ ಹಿಡಿದೆ. ಅದರ ಮಾಲೀಕ ಸೆಲ್ವಂ, ನನ್ನದೇ ವಯಸ್ಸಿನವರು, ಮಿತಭಾಷಿ. ಮಿತಭಾಷಿ ವ್ಯಾಪಾರಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಮೊದಲ ದಿನವೇ ಬರೆದುಕೊಂಡೆ.

ಐದು ಶನಿವಾರ ಹೋದೆ. ಹೋಗುವಾಗ ನನ್ನದೇ ವೀಣೆಯ ಸಿ.ಡಿ. ಒಯ್ಯುತ್ತಿದ್ದೆ; ಅಂಗಡಿಯವರ ಸಿ.ಡಿ. ಅಂಗಡಿಯವರ ಪರ ತಾನೇ ಹಾಡುವುದು. ಜೇಬಿನ ಟೇಪು ತೆಗೆದು ಅಳೆದೆ. ಎರಡೂ ಪೆಟ್ಟಿಗೆಗಳ ಹಿಂದಿನ ನಂಬರು ಬರೆದುಕೊಂಡೆ, ಬೇರೆ ಬೇರೆ ಜೋಡಿಯ ಅನಾಥರನ್ನು ಕೂಡಿಸಿ ಮದುವೆ ಮಾಡಿಸಿರಬಹುದೆಂದು. ತಿಪಟೂರಿನ ರಕ್ತವಲ್ಲವೇ, ಬೆರಳಗಂಟಿನಿಂದ ಪೆಟ್ಟಿಗೆಯ ಮೈಯನ್ನೆಲ್ಲ ತಟ್ಟಿಯೂ ನೋಡಿದೆ. ಸೆಲ್ವಂ ಒಂದು ಸ್ಟೂಲು ತಂದು ನನ್ನ ಪಕ್ಕಕ್ಕಿಟ್ಟು “ನಲ್ಲಾ ಕೇಳುಂಗ ಸಾರ್, ಅವಸರಂ ಇಲ್ಲೆ” ಅಂದರು. ಅವಸರವಿಲ್ಲದ ವ್ಯಾಪಾರಿ! ಅದನ್ನೂ ಬರೆದುಕೊಂಡೆ.

ಕೋಣೆಯ ಅಳತೆ ಕೇಳಿದ ಮೇಲೆ ಅವರು, ಅಷ್ಟು ಚಿಕ್ಕ ಜಾಗಕ್ಕೆ ಇಷ್ಟು ದೊಡ್ಡದು ಬೇಡ, ಹಲಗೆಯ ಮೇಲಿಡುವ ಸಣ್ಣ ಜೋಡಿಯೇ ಸಾಕು, ಬೆಲೆಯೂ ಕಡಿಮೆ ಎಂದರು. ಇಲ್ಲಿ ನನ್ನ ಅನುಮಾನ ಗಟ್ಟಿಯಾಯಿತು. ಕಡಿಮೆ ಬೆಲೆಯದನ್ನು ಕೊಳ್ಳಿ ಎಂದು ಯಾವನಾದರೂ ಸುಮ್ಮನೆ ಹೇಳುತ್ತಾನೆಯೇ? ಸಣ್ಣವು ಮಾರಾಟವಾಗದೆ ಉಳಿದಿರಬೇಕು. ಅಲ್ಲದೆ ಪುಟ್ಟ ಪೆಟ್ಟಿಗೆಯಿಂದ ದೊಡ್ಡ ದನಿ ಬಂದರೆ ನಂಬಬಾರದೆಂಬುದು ನಾನು ಆಫೀಸಿನ ಅನುಭವದಿಂದ ಕಲಿತ ಪಾಠ. ದೊಡ್ಡವನ್ನೇ ಕೊಂಡೆ. ಸಮವಾಗಿ ಕೇಳಿಸುತ್ತಿವೆಯೇ ಎಂದು ಅಂಗಡಿಯಲ್ಲಿ ಅವರು ಕೇಳಿದಾಗ ಕೇಳಿಸುತ್ತಿವೆ ಅಂದಿದ್ದೆ. ಎಡಗಡೆ ಕೊಂಚ ಮಂಕೆನಿಸಿದ್ದು ಏ.ಸಿ.ಯ ಸದ್ದಿಗೋ ಬೀದಿಯ ಸದ್ದಿಗೋ ಇದ್ದರೂ ಇರಬಹುದು ಅಂದುಕೊಂಡಿದ್ದೆ.

ಮನೆಯಲ್ಲಿ ಅಂಥ ಯಾವ ಸದ್ದೂ ಇರಲಿಲ್ಲ. ಕೋಣೆಯ ನಡುವೆ ಕೂತು ವೀಣೆ ಹಾಕಿದೆ. ಎರಡು ಸ್ಪೀಕರು ಸರಿಯಾಗಿದ್ದರೆ ಸಂಗೀತ ನೇರ ಎದುರಿನಿಂದ ಬರಬೇಕು, ನುಡಿಸುವವರು ಮುಂದೆ ಜಮಖಾನದ ಮೇಲೆ ಕೂತ ಹಾಗೆ. ನನ್ನ ವೀಣೆಯವರು ಜಮಖಾನ ಬಿಟ್ಟು ಬಲಗಡೆಯ ಗೋಡೆಗೆ ಒರಗಿ ಕೂತಿದ್ದರು. ಎಡಗಡೆಯ ಪೆಟ್ಟಿಗೆ ನೆಗಡಿಯಾದವರ ಹಾಗೆ ಉಸಿರಾಡುತ್ತಿತ್ತು. ಆ ಕ್ಷಣದಿಂದ ಜಗತ್ತಿನಲ್ಲಿ ನನಗೆ ಬೇಕಾಗಿದ್ದದ್ದು ಒಂದೇ: ತಪ್ಪು ಪೆಟ್ಟಿಗೆಯದಾಗಿರಬೇಕು.

ಎಡಗಡೆಯದನ್ನು ಒಂದು ಬೆರಳಿನಷ್ಟು ಹತ್ತಿರ ತಂದೆ. ಮರುದಿನ ಇನ್ನೆರಡು ಬೆರಳು. ವೈರು ಬದಲಿಸಿದೆ. ಗೋಡೆಗೆ ಹಾಸಿಗೆ ಆನಿಸಿದೆ. ಕಿಟಕಿಯನ್ನು ಅನುಮಾನಿಸಿದೆ. ಸಮುದ್ರದ ಗಾಳಿಯ ತೇವವನ್ನು ಅನುಮಾನಿಸಿದೆ. ಆಫೀಸಿನಲ್ಲಿ ಕೇಳಿದವರಿಗೆಲ್ಲ ಸೆಲ್ವಂ ನನಗೆ ಕೆಟ್ಟ ಮಾಲು ದಾಟಿಸಿದ್ದಾರೆ ಎಂದೆ. ಅವರ ಅಂಗಡಿಯಲ್ಲಿ ಟೇಪ್‌ರೆಕಾರ್ಡರ್ ಕೊಳ್ಳಬೇಕೆಂದಿದ್ದ ನಮ್ಮ ಕ್ಯಾಷಿಯರ್ ಮನಸ್ಸು ಬದಲಿಸಿದರು. ಎಲ್ಲವನ್ನೂ ಪರೀಕ್ಷಿಸಿದವನು ಒಂದನ್ನು ಮಾತ್ರ ಮಾಡಲಿಲ್ಲ. ಎಡಗಡೆಯ ಪೆಟ್ಟಿಗೆಯನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಇಟ್ಟು ನೋಡಿದ್ದರೆ ಎರಡೇ ನಿಮಿಷದಲ್ಲಿ ಸತ್ಯ ಹೊರಬೀಳುತ್ತಿತ್ತು. ಸೊಂಟ ನೋವು ಎಂದು ನನಗೆ ನಾನೇ ಹೇಳಿಕೊಂಡೆ. ಅದೇ ಸೊಂಟ ದಿನಕ್ಕೆ ಎರಡು ಸಲ ಅದೇ ಪೆಟ್ಟಿಗೆಯನ್ನು ಎತ್ತಿ ಇಡುತ್ತಿತ್ತು.

ವಿಮಲಾ ಬಾಗಿಲಲ್ಲಿ ನಿಂತು ನೋಡಿದಳು. “ಇನ್ನೊಂದು ವಾರಕ್ಕೆ ಅದು ನಿಮ್ಮ ತೊಡೆ ಮೇಲೇ ಬಂದು ಕೂತ್ಕೊಳ್ಳುತ್ತೆ ರೀ. ಅಂಗಡಿಯವರನ್ನ ಕರೀಬಾರದಾ?”

“ಕೇಳ್ತೀನಿ ಇರು.”

“ನಿಮ್ದು ಕೇಳೋದು ಜಾಸ್ತಿ, ಕೇಳಿಸ್ಕೊಳ್ಳೋದು ಕಮ್ಮಿ.”

ಅವಳು ತಮಾಷೆಗೆ ಅಂದದ್ದು. ನಾನು ಆ ಸಂಜೆ ಊಟ ಮಾಡಲಿಲ್ಲ.

ಫೋನು ಮಾಡಿದ್ದಕ್ಕೆ ಸೆಲ್ವಂ ತಾವೇ ಬಂದರು. ಅನು ಟ್ಯೂಷನ್ನಿಗೆ ಹೋಗಿದ್ದಳು, ವಿಮಲಾ ಕಾಫಿಗೆ ಇಟ್ಟಿದ್ದಳು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ನಾನು ಯಾವುದನ್ನು ಮಾಡದೆ ಉಳಿಸಿದ್ದೆನೋ ಅದನ್ನೇ ಅವರು ಮೊದಲು ಮಾಡಿದರು. ಪೆಟ್ಟಿಗೆಗಳನ್ನು ಅದಲು ಬದಲು ಮಾಡಿ, ಹಿಂದಿನ ವೈರುಗಳನ್ನೂ ಬದಲಿಸಿ, ವೀಣೆ ಹಾಕಿ ನನ್ನ ಕಡೆ ತಿರುಗಿದರು. ಈಗಲೂ ಎಡಗಡೆಯದೇ ಕಡಿಮೆ ಎಂದೆ. ಸೆಲ್ವಂ ಪೆಟ್ಟಿಗೆಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಅಡುಗೆಮನೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ದನಿ ತಗ್ಗಿಸಿ ಹೇಳಿದರು: “ಬಾಕ್ಸ್‌ಲ ಒಣ್ಣುಂ ಇಲ್ಲೆ ಸಾರ್. ಒರು ತಡವ ಕಾದು ಟೆಸ್ಟ್ ಪಣ್ಣಿ ಪಾರುಂಗ.”

ನನ್ನ ಸಿದ್ಧಾಂತಕ್ಕೆ ಇದು ನೀರು ಕುಡಿದಷ್ಟು ಸುಲಭ. ಪೆಟ್ಟಿಗೆಯಲ್ಲಿ ಏನೂ ಇಲ್ಲ ಸಾರ್, ಒಂದು ಸಲ ಕಾದು, ಟೆಸ್ಟ್ ಮಾಡಿ ನೋಡಿ. ಯಾವ ಕಚೇರಿಗೆ ಫೋನು ಮಾಡಿದರೂ ‘ಕಾತ್ತಿರುಕ್ಕವುಂ’ ಎಂದು ಕಾಯಲು ಹೇಳುವುದು ನನಗೆ ಗೊತ್ತಿಲ್ಲವೇ. ಹೊಸ ಸ್ಪೀಕರುಗಳ ಒಳಗಿನ ಪರದೆ ಬಿಗಿಯಾಗಿರುತ್ತದೆ, ಗಂಟೆಗಟ್ಟಲೆ ನುಡಿಸಿ ನುಡಿಸಿ ಹದಕ್ಕೆ ತರಬೇಕು ಎಂದು ಯಾವುದೋ ಪತ್ರಿಕೆಯಲ್ಲಿ ಓದಿಯೂ ಇದ್ದೆ. ಎದೆಯ ಮೇಲಿನ ಕಲ್ಲು ಇಳಿಯಿತು. ಸೆಲ್ವಂ ಮೇಲೆ ಒಂದಿಷ್ಟು ಗೌರವವೂ ಹುಟ್ಟಿ, ಎರಡನೆಯ ಲೋಟ ಕಾಫಿ ಕುಡಿಸಿ ಕಳಿಸಿದೆ. ಆದರೆ ಅವರು ದನಿ ತಗ್ಗಿಸಿದ್ದೇಕೆ? ಅದನ್ನು ಮಾತ್ರ ಅನುಮಾನಿಸಲು ಮರೆತೆ.

ಕಾದೆ. ಒಂದು ತಿಂಗಳು, ಎರಡು ತಿಂಗಳು, ಮೂರು. ಆಫೀಸಿಗೆ ಹೋಗುವಾಗ ವೀಣೆ ಹಾಕಿ, ಕೋಣೆಯ ಬಾಗಿಲು ಮುಚ್ಚಿ ಹೋಗುತ್ತಿದ್ದೆ, ಪರದೆ ಹದವಾಗಲಿ ಎಂದು. ಅಡುಗೆಮನೆಯಲ್ಲಿ ಆ ಒಂದೇ ಸಿ.ಡಿ. ಕೇಳಿ ಕೇಳಿ ವಿಮಲಾಗೆ ವೀಣೆಯ ಮೇಲೇ ಜಿಗುಪ್ಸೆ ಬಂತು. ಸಂಜೆ ಬಂದು ಕುರ್ಚಿಯಲ್ಲಿ ಕೂತರೆ ವೀಣೆಯವರು ಬಲಗಡೆಯ ಗೋಡೆಯನ್ನು ದಾಟಿ ಪಕ್ಕದ ಮನೆಗೆ ಹೊರಟ ಹಾಗಿತ್ತು.

ಕೊನೆಗೆ ಒಂದು ಶನಿವಾರ ಅನುವನ್ನು ಕರೆದುಕೊಂಡು ಅಂಗಡಿಗೆ ಹೋದೆ. ಅವಳಿಗೆ ಹದಿಮೂರು. ನನ್ನ ತಮಿಳು ಜಗಳಕ್ಕೆ ಸಾಲದೆ ಬಂದರೆ ಕೈಗೊಂದು ಆಧಾರ ಇರಲಿ ಎಂದು. ನೀವು ಹೇಳಿದ ಹಾಗೆ ಮೂರು ತಿಂಗಳು ಕಾದೆ, ಏನೂ ಪ್ರಯೋಜನವಾಗಿಲ್ಲ, ದುಡ್ಡು ವಾಪಸು ಕೊಡಿ ಎಂದು ನನ್ನ ಮಿಶ್ರ ಭಾಷೆಯಲ್ಲಿ ಶುರು ಮಾಡಿದೆ. ಸೆಲ್ವಂ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಕೆಳಗಿಟ್ಟರು.

“ಟೆಸ್ಟ್ ಪಣ್ಣೀಂಗಳಾ ಸಾರ್? ಡಾಕ್ಟರ್ ಎನ್ನ ಸೊನ್ನಾರು?”

ಡಾಕ್ಟರು ಹೇಳುವುದೇನು, ಯಾವ ಡಾಕ್ಟರು ಎಂದೆ. ಸ್ಪೀಕರಿಗೆ ಡಾಕ್ಟರೇ? ಅಂಗಡಿಗೆ ಬಂದ ಗಿರಾಕಿಗೆ ತಮಾಷೆ ಮಾಡುತ್ತೀರಾ ಎಂದು ದನಿ ಏರಿಸಿದೆ. ಸೆಲ್ವಂ ಅನುವಿನ ಕಡೆ ನೋಡಿದರು. ಅನು ಅವರನ್ನು ಏನೋ ಕೇಳಿದಳು, ಅವರು ತಗ್ಗಿದ ದನಿಯಲ್ಲಿ ಏನೋ ಹೇಳಿದರು. ಅವಳು ನನ್ನ ಎಡಗಡೆ ನಿಂತಿದ್ದಳು. ಏನು ಹೇಳಿದಳೋ, ನನಗೆ ಕೇಳಿಸಲಿಲ್ಲ. ತೋಳು ಹಿಡಿದು ಜಗ್ಗಿದ ಮೇಲೆ ತಿರುಗಿದೆ.

“ಅಪ್ಪಾ,” ಅಂದಳು, ಎಷ್ಟೋ ತಿಂಗಳ ಮೇಲೆ ಕನ್ನಡದಲ್ಲಿ. “ಕಾದು ಅಂದ್ರೆ ಕಿವಿ.”

ನಗು ಬರುವ ಸಂಗತಿ. ಈಗ ನೆಂಟರಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ನಾನೂ ನಗುತ್ತೇನೆ. ಆ ದಿನ ಅಂಗಡಿಯಲ್ಲಿ ಮೂವರಲ್ಲಿ ಒಬ್ಬರೂ ನಗಲಿಲ್ಲ. ಸೆಲ್ವಂ ಮೆಲ್ಲಗೆ ಆ ಹಳೆಯ ಸ್ಟೂಲನ್ನು ಎಳೆದು ನನ್ನ ಹತ್ತಿರ ಇಟ್ಟರು. ನಾನು ಕೂತೆ.

ಮನೆಗೆ ಬಂದ ಮೇಲೆ ಸಿದ್ಧಾಂತಿಯ ಬುದ್ಧಿ ಬಿಡುತ್ತದೆಯೇ. ಸ್ಪೀಕರು ಮಾರುವವನಿಗೆ ಕಿವಿಯ ವಿಷಯ ಏನು ಗೊತ್ತು? ತನ್ನ ಮಾಲಿನ ತಪ್ಪನ್ನು ಗಿರಾಕಿಯ ತಲೆಗೆ, ತಲೆಯಲ್ಲೂ ಕಿವಿಗೆ ಕಟ್ಟುವ ಉಪಾಯ ಇದು. ಟೆಸ್ಟ್ ಮಾಡಿಸಿ ಆ ಕಾಗದವನ್ನು ಅವರ ಮುಖದ ಮುಂದೆ ಹಿಡಿಯಬೇಕು ಎಂದು ಮುಂದಿನ ವಾರವೇ ಹೊರಟೆ. ವಿಮಲಾಗೆ ಹೇಳಲಿಲ್ಲ. ಅನು ಮಾತ್ರ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು, ನಾನು ಕರೆಯದಿದ್ದರೂ.

ಕಿವಿಯ ಆಸ್ಪತ್ರೆ ಎಂದರೆ ಮಹಡಿಯ ಮೇಲಿನ ಎರಡು ಕೋಣೆ. ಒಂದು ಮೂಲೆಯಲ್ಲಿ ಗಾಜಿನ ಕಿಟಕಿಯಿದ್ದ ಗೂಡು, ಟೆಲಿಫೋನ್ ಬೂತಿನ ಅಣ್ಣನ ಹಾಗೆ. ಪರೀಕ್ಷೆ ಮಾಡುವ ಹೆಣ್ಣುಮಗಳು ನನ್ನನ್ನು ಒಳಗೆ ಕೂರಿಸಿ, ಕಿವಿಗಳಿಗೆ ಮುಚ್ಚಳ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟು, ಸದ್ದು ಕೇಳಿಸಿದಾಗಲೆಲ್ಲ ಒತ್ತಬೇಕು ಎಂದಳು. ಬಾಗಿಲು ಮುಚ್ಚಿಕೊಂಡಿತು. ಅಂಥ ನಿಶ್ಶಬ್ದ ನಾನು ಕೇಳಿರಲಿಲ್ಲ. ಇದರಲ್ಲೇನೋ ಮೋಸವಿದೆ, ತೀರ ಸಣ್ಣ ಸದ್ದು ಬಿಟ್ಟು ನನ್ನನ್ನು ಫೇಲು ಮಾಡುತ್ತಿದ್ದಾಳೆ ಅನ್ನಿಸಿತು. ಬಿಡಬಾರದೆಂದು ಒತ್ತಿದೆ. ಇನ್ನೆರಡು ಸಲ ಒತ್ತಿದೆ. ಮುಚ್ಚಳದೊಳಗಿಂದ ಅವಳ ದನಿ ಬಂತು: “ಸಾರ್, ನಾನ್ ಇನ್ನುಂ ಸ್ಟಾರ್ಟೇ ಪಣ್ಣಲೆ.” ಅವಳಿನ್ನೂ ಶುರುವೇ ಮಾಡಿರಲಿಲ್ಲ.

ಬಲಗಿವಿ ಸಲೀಸಾಗಿ ಮುಗಿಯಿತು. ಎಡಗಿವಿಗೆ ಬಂದಾಗ ಮೊದಲ ಎರಡು ಸದ್ದು ದೂರದ ಬೀದಿಯಲ್ಲಿ ಹೋದ ಸೈಕಲ್ ಗಂಟೆಯಂತೆ ಕೇಳಿಸಿದವು. ಆಮೇಲೆ ಏನೂ ಇಲ್ಲ. ನಾನು ಗಾಜಿನ ಕಡೆ ನೋಡಿದೆ. ಅವಳು ಸದ್ದು ಬಿಡುವಾಗಲೆಲ್ಲ ಅವಳ ಬಲಭುಜ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಸುಳ್ಳು ಕ್ಲೇಮು ಹಿಡಿದು ಹಿಡಿದು ಪಳಗಿದ ಕಣ್ಣು, ಅಷ್ಟು ಸಾಕು. ಭುಜ ಎದ್ದಿತು, ಒತ್ತಿದೆ. ಎದ್ದಿತು, ಒತ್ತಿದೆ. ಅವಳು ತಲೆಯಾಡಿಸಿ ಬರೆದುಕೊಂಡಳು. ನಾನು ಪಾಸಾಗುತ್ತಿದ್ದೆ.

ಅವಳ ಹಿಂದಿನ ಬೆಂಚಿನ ಮೇಲೆ ಅನು ಕೂತಿದ್ದಳು. ಅವಳ ಕಣ್ಣು ಆ ಭುಜದ ಮೇಲಿತ್ತು, ಆಮೇಲೆ ನನ್ನ ಹೆಬ್ಬೆರಳಿನ ಮೇಲೆ, ಮತ್ತೆ ಭುಜದ ಮೇಲೆ. ನನ್ನ ಮಗಳಲ್ಲವೇ, ಹಿಡಿಯಲು ಅವಳಿಗೆಷ್ಟು ಹೊತ್ತು. ತಲೆ ಬಗ್ಗಿಸಿ ಚಪ್ಪಲಿಯ ಬೆಲ್ಟನ್ನು ಬಿಚ್ಚುತ್ತ ಹಾಕುತ್ತ ಕೂತಳು. ಭುಜ ಇನ್ನೊಮ್ಮೆ ಎದ್ದಿತು. ಈ ಕಿವಿ ಪಾಸಾದರೆ ಸೆಲ್ವಂ ಕಳ್ಳರು, ಕಾಗದದಲ್ಲೇ, ಸೀಲು ಸಮೇತ. ನಾನು ಒತ್ತಲಿಲ್ಲ.

ಗಾಜು ತಟ್ಟಿದೆ. ಏನಾಯಿತು ಸಾರ್ ಎಂದು ಅವಳು ಬಾಗಿಲು ತೆರೆದಳು. ಎಡಗಿವಿಯದನ್ನು ಮೊದಲಿನಿಂದ ಮಾಡಮ್ಮ ಎಂದು ಹೇಳಿ, ಎದ್ದು, ಕುರ್ಚಿಯನ್ನು ಎತ್ತಿ ಗೋಡೆಯ ಕಡೆಗೆ ತಿರುಗಿಸಿಕೊಂಡು ಕೂತೆ.